ಹೊಗೆ ಎಲ್ಲಿ ತಡೆಯಿತು? ಸಿಮ್ಯುಲೇಟರ್ ವಿಮಾನಗಳ ಎಫೆಕ್ಟ್ ಸರಿಪಡಿಸುವವರಿಗೆ ಕೆಲವು ಅನುಭವದ ಪಾಠಗಳು

ನಮ್ಮ ಭಾಗದ ಹುಡುಗರಿಗೆ ವಿಮಾನದ ಹೊಗೆ ಎಂದರೆ ಸೂರ್ಯಕಿರಣ. ವಾಯುಪಡೆಯ ಈ ತಂಡ 1996ರಲ್ಲಿ ಹುಟ್ಟಿದ್ದು ಬೀದರಿನ ವಾಯುನೆಲೆಯಲ್ಲಿ, ಇವತ್ತಿಗೂ ಅದರ ಮನೆ ಅಲ್ಲೇ. 2011ರವರೆಗೆ ಎಚ್‌ಎಎಲ್ ಕಟ್ಟಿದ ಕಿರಣ್ ಮಾರ್ಕ್-2 ವಿಮಾನಗಳನ್ನು ಹಾರಿಸಿದರು. ಆಮೇಲೆ ಕೆಲವು ವರ್ಷ ತಂಡ ನಿಂತಿತ್ತು. 2015ರಲ್ಲಿ ಹಾಕ್ ಮಾರ್ಕ್-132 ವಿಮಾನಗಳೊಂದಿಗೆ ಮತ್ತೆ ಎದ್ದಿತು. ಯಲಹಂಕದ ಏರೋ ಇಂಡಿಯಾದಲ್ಲೋ ಟಿವಿಯಲ್ಲೋ ಕೇಸರಿ, ಬಿಳಿ, ಹಸಿರು ಗೆರೆ ಎಳೆಯುವುದನ್ನು ಒಮ್ಮೆ ಕಂಡ ಹುಡುಗನಿಗೆ ಅದು ತನ್ನ ಲ್ಯಾಪ್‌ಟಾಪಿನಲ್ಲೂ ಬೇಕೆನಿಸುತ್ತದೆ. ಎಲ್ಲಿಂದಲೋ ಆ್ಯಡ್‌ಆನ್ ವಿಮಾನ ಇಳಿಸಿಕೊಳ್ಳುತ್ತಾನೆ. ವಿಮಾನ ಹಾರುತ್ತದೆ, ಹೊಗೆ ಬರುವುದಿಲ್ಲ. ಆಗ ಶಹಾಪುರದಲ್ಲಿರುವ ನನಗೆ ಯಾದಗಿರಿಯಿಂದಲೋ ಸುರಪುರದಿಂದಲೋ ಫೋನ್ ಬರುತ್ತದೆ: “ಸರ್, ಎಲ್ಲಾ ಬರೋಬರಿ ಹಾಕೀನ್ರಿ, ಹೊಗಿ ಒಂದು ಬರವಲ್ದು.”

ಈ ಕಡೆ ಹೆಚ್ಚಿನವರ ಹತ್ತಿರ ಇರುವುದು 2006ರ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಎಕ್ಸ್, ಅಂದರೆ ಎಫ್‌ಎಸ್‌ಎಕ್ಸ್. ಮೈಕ್ರೋಸಾಫ್ಟಿನದೇ 2020ರ ಸಿಮ್ಯುಲೇಟರ್ ಡಿಸ್ಕಿನಲ್ಲಿ 150 ಜಿಬಿ ಜಾಗ ಕೇಳುತ್ತದೆ, ಹಾರುವಾಗಲೂ ನೆಲದ ಚಿತ್ರವನ್ನು ಇಂಟರ್‌ನೆಟ್ಟಿನಿಂದ ಎಳೆದುಕೊಳ್ಳುತ್ತದೆ. ಮೊಬೈಲ್ ಹಾಟ್‌ಸ್ಪಾಟ್ ಮೇಲೆ ನಡೆಯುವ ಮನೆಗೆ ಅದು ಭಾರ. ಅದಕ್ಕೇ ಇಲ್ಲಿನ ಮಾತು ಹೆಚ್ಚಾಗಿ ಎಫ್‌ಎಸ್‌ಎಕ್ಸ್‌ನದು. ಅದೇ ಬುನಾದಿಯ ಮೇಲೆ ಲಾಕ್‌ಹೀಡ್ ಮಾರ್ಟಿನ್ ಕಟ್ಟಿದ ಪ್ರಿಪೇರ್‌3ಡಿಗೂ ಬಹುಪಾಲು ಹೊಂದುತ್ತದೆ.

1. ನಡುವಿನಿಂದ ಹುಡುಕಿ

ಹೊಗೆ ತೆರೆಯ ಮೇಲೆ ಬರುವುದಕ್ಕೆ ಒಂದು ದಾರಿ ಇದೆ. ನೀವು ‘ಐ’ ಕೀ ಒತ್ತುತ್ತೀರಿ. ಸಿಮ್ಯುಲೇಟರ್ ಆ ವಿಮಾನದ ‘ಏರ್‌ಕ್ರಾಫ್ಟ್ ಡಾಟ್ ಸಿಎಫ್‌ಜಿ’ ಫೈಲಿನಲ್ಲಿ ‘ಸ್ಮೋಕ್‌ಸಿಸ್ಟಮ್’ ಎಂಬ ಭಾಗವನ್ನು ನೋಡುತ್ತದೆ. ಅಲ್ಲಿ ಹೊಗೆ ಎಲ್ಲಿಂದ ಬರಬೇಕು ಎಂಬ ಮೂರು ಅಂಕಿ, ಕೊನೆಗೆ ಒಂದು ಎಫೆಕ್ಟಿನ ಹೆಸರು ಇರುತ್ತದೆ. ಆ ಹೆಸರಿನ ‘ಡಾಟ್ ಎಫ್‌ಎಕ್ಸ್’ ಫೈಲನ್ನು ಸಿಮ್ಯುಲೇಟರಿನ ಮುಖ್ಯ ‘ಎಫೆಕ್ಟ್ಸ್’ ಫೋಲ್ಡರಿನಲ್ಲಿ ಹುಡುಕುತ್ತದೆ. ಎಫ್‌ಎಕ್ಸ್ ಫೈಲಿನೊಳಗೆ ಒಂದು ಚಿತ್ರದ ಹೆಸರು ಬರೆದಿರುತ್ತದೆ. ಆ ಚಿತ್ರ ‘ಎಫೆಕ್ಟ್ಸ್’ ಒಳಗಿನ ‘ಟೆಕ್ಸ್ಚರ್’ ಫೋಲ್ಡರಿನಲ್ಲಿ ಸಿಗಬೇಕು. ಇಷ್ಟೆಲ್ಲ ಆದ ಮೇಲೆ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ‘ಸ್ಪೆಷಲ್ ಎಫೆಕ್ಟ್ಸ್ ಡಿಟೇಲ್’ ತೀರ ಕೆಳಗಿರಬಾರದು.

ನಾರಾಯಣಪುರ ಎಡದಂಡೆ ಕಾಲುವೆಯ ಕೊನೆಯ ಹೊಲಕ್ಕೆ ನೀರು ಬರದಿದ್ದರೆ ಹೊಲದಲ್ಲಿ ನಿಂತು ಕಾರಣ ಹುಡುಕುವವರಿಲ್ಲ. ನಡುವಿನ ತೂಬಿಗೆ ಹೋಗಿ ನೀರು ಅಲ್ಲಿಯವರೆಗೆ ಬಂದಿದೆಯೇ ಎಂದು ನೋಡುತ್ತಾರೆ. ಇಲ್ಲಿಯೂ ಹಾಗೇ ಮಾಡಬೇಕು. ಎಫ್‌ಎಸ್‌ಎಕ್ಸ್ ಜೊತೆಗೇ ಬರುವ ಎಕ್ಸ್‌ಟ್ರಾ 300 ವಿಮಾನಕ್ಕೆ ಹೊಗೆ ಇದೆ. ಅದನ್ನು ತೆಗೆದು ‘ಐ’ ಒತ್ತಿ, ಹೊರಗಿನ ನೋಟಕ್ಕೆ ಹೋಗಿ ನೋಡಿ. ಅದರಲ್ಲೇ ಹೊಗೆ ಬರದಿದ್ದರೆ ನಿಮ್ಮ ಆ್ಯಡ್‌ಆನ್ ಫೈಲುಗಳನ್ನು ಮುಟ್ಟಬೇಡಿ, ತೊಂದರೆ ಕೀಲಿಮಣೆಯಲ್ಲಿ ಅಥವಾ ಸೆಟ್ಟಿಂಗಿನಲ್ಲಿದೆ. ಬಂದರೆ, ಎಕ್ಸ್‌ಟ್ರಾದ ಸಾಲಿನಲ್ಲಿರುವ ‘ಎಫ್‌ಎಕ್ಸ್_ಸ್ಮೋಕ್_ಡಬ್ಲ್ಯೂ’ ಎಂಬ ಹೆಸರನ್ನು ತಂದು ನಿಮ್ಮ ವಿಮಾನದ ಸಾಲಿನ ಕೊನೆಗೆ ಹಾಕಿ. ಬಿಳಿ ಹೊಗೆ ಬಂತೋ, ಸಾಲು ಸರಿಯಿದೆ, ದೋಷ ಎಫ್‌ಎಕ್ಸ್ ಫೈಲಿನಲ್ಲೋ ಚಿತ್ರದಲ್ಲೋ ಇದೆ. ಬರಲಿಲ್ಲವೋ, ದೋಷ ಸಾಲಿನಲ್ಲೇ ಇದೆ. ಒಂದೇ ಬದಲಾವಣೆಯಿಂದ ಅರ್ಧ ದಾರಿ ಬಿಟ್ಟುಹೋಗುತ್ತದೆ. ನನ್ನ ಹತ್ತಿರ ಬರುವವರಿಗೆ ನಾನು ಮೊದಲು ಕಲಿಸುವುದು ಇದನ್ನೇ. ಇದನ್ನು ಕೈಗೂಡಿಸಿಕೊಂಡವರಿಗೆ ಉಳಿದ ಪಾಠಗಳು ತಾವಾಗಿ ಹೊಳೆಯುತ್ತವೆ.

2. ಜಿಪ್ ಬಿಚ್ಚಿದ ಮೇಲೆ ಫೋಲ್ಡರುಗಳನ್ನು ಬೇರೆ ಬೇರೆ ಮಾಡಿ

ಇಳಿಸಿಕೊಂಡ ಜಿಪ್ಪಿನಲ್ಲಿ ವಿಮಾನದ ಫೋಲ್ಡರ್ ಒಂದು, ‘ಎಫೆಕ್ಟ್ಸ್’ ಎಂಬ ಫೋಲ್ಡರ್ ಇನ್ನೊಂದು ಇರುತ್ತದೆ. ಎಷ್ಟೋ ಜನ ಎಲ್ಲವನ್ನೂ ಒಟ್ಟಿಗೆ ಎತ್ತಿ ‘ಸಿಮ್‌ಆಬ್ಜೆಕ್ಟ್ಸ್’ ಒಳಗಿನ ‘ಏರ್‌ಪ್ಲೇನ್ಸ್’ ಫೋಲ್ಡರಿಗೆ ಹಾಕುತ್ತಾರೆ. ಎಫ್‌ಎಸ್‌ಎಕ್ಸ್ ಅಲ್ಲಿ ಎಫೆಕ್ಟನ್ನು ಹುಡುಕುವುದೇ ಇಲ್ಲ. ಎಫ್‌ಎಕ್ಸ್ ಫೈಲುಗಳು ಮುಖ್ಯ ‘ಎಫೆಕ್ಟ್ಸ್’ಗೆ, ಚಿತ್ರಗಳು ಅದರೊಳಗಿನ ‘ಟೆಕ್ಸ್ಚರ್’ಗೆ ಹೋಗಬೇಕು. ಬಿಚ್ಚುವಾಗ ಒಂದರೊಳಗೊಂದು ಅದೇ ಹೆಸರಿನ ಫೋಲ್ಡರ್ ಕೂರುವುದೂ ಉಂಟು: ‘ಎಫೆಕ್ಟ್ಸ್’ ತೆರೆದರೆ ಒಳಗೆ ಮತ್ತೊಂದು ‘ಎಫೆಕ್ಟ್ಸ್’. ಹೊಗೆ ಬರಲಿಲ್ಲ ಎಂದು ಬರುವವರಲ್ಲಿ ಬಹಳ ಜನರ ಕೆಲಸ ಇಲ್ಲಿಗೇ ಮುಗಿಯುತ್ತದೆ.

3. ಮೂಲ ಫೈಲಿನ ಮೇಲೆ ಹೊಸದನ್ನು ಬರೆಯಬೇಡಿ

“ಈ ಹೆಸರಿನ ಫೈಲ್ ಆಗಲೇ ಇದೆ, ಬದಲಿಸಲೇ?” ಎಂದು ವಿಂಡೋಸ್ ಕೇಳಿದಾಗ ಕೈ ತಡೆಯಿರಿ. ಕೆಲವು ಆ್ಯಡ್‌ಆನ್‌ಗಳು ಸಿಮ್ಯುಲೇಟರಿನ ಮೂಲ ಎಫೆಕ್ಟಿನ ಹೆಸರನ್ನೇ ಇಟ್ಟುಕೊಂಡಿರುತ್ತವೆ. ಹೌದೆಂದು ಒತ್ತಿದರೆ ಆ ಎಫೆಕ್ಟನ್ನು ಬಳಸುವ ಪ್ರತಿಯೊಂದು ವಿಮಾನದ ರೂಪವೂ ಬದಲಾಗುತ್ತದೆ. “ನಿನ್ನೆ ತನಕಾ ಛೊಲೊ ಇತ್ರೀ, ಇವತ್ತ ಎಲ್ಲಾ ವಿಮಾನದ ಲೈಟೂ ದೊಡ್ಡ ಆಗ್ಯಾವು” ಎನ್ನುವ ದೂರಿನ ಹಿಂದೆ ಸಾಮಾನ್ಯವಾಗಿ ಇದೇ ಇರುತ್ತದೆ. ಹೊಸ ಫೈಲಿಗೆ ನಿಮ್ಮದೇ ಮುನ್ನೆಸರು ಕೊಡಿ, ಸಿಎಫ್‌ಜಿ ಸಾಲಿನಲ್ಲೂ ಅದೇ ಹೆಸರು ಬರೆಯಿರಿ. ‘ಎಫೆಕ್ಟ್ಸ್’ ಫೋಲ್ಡರಿನ ಪೂರ್ತಿ ಪ್ರತಿಯೊಂದನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟಿರಿ.

4. ನೋಟ್‌ಪ್ಯಾಡ್ ಹೇಳದೆ ಮಾಡುವ ಕೆಲಸಗಳು

ಎಫ್‌ಎಕ್ಸ್ ಫೈಲಾಗಲಿ ಸಿಎಫ್‌ಜಿ ಆಗಲಿ ಬರೀ ಪಠ್ಯ. ನೋಟ್‌ಪ್ಯಾಡಿನಲ್ಲಿ ತೆರೆದು ತಿದ್ದಬಹುದು, ಕಲಿಯುವವರಿಗೆ ಇದೊಂದು ದೊಡ್ಡ ಅನುಕೂಲ. ಆದರೆ ಹೊಸ ಹೆಸರಿನಲ್ಲಿ ಉಳಿಸುವಾಗ ನೋಟ್‌ಪ್ಯಾಡ್ ಹಿಂದೆ ‘ಡಾಟ್ ಟಿಎಕ್ಸ್‌ಟಿ’ ಸೇರಿಸುತ್ತದೆ. ವಿಂಡೋಸ್ ಫೈಲಿನ ಬಾಲವನ್ನು ಮುಚ್ಚಿಟ್ಟಿರುವುದರಿಂದ ಹೆಸರು ಸರಿಯಾಗಿದ್ದಂತೆ ಕಾಣುತ್ತದೆ. ಫೋಲ್ಡರ್ ಸೆಟ್ಟಿಂಗಿನಲ್ಲಿ ಫೈಲ್ ಎಕ್ಸ್‌ಟೆನ್ಶನ್ ಕಾಣುವಂತೆ ಮಾಡುವುದು ಈ ಕೆಲಸಕ್ಕೆ ಕೂರುವ ಮೊದಲ ದಿನವೇ ಆಗಬೇಕು.

ಎರಡನೆಯದು ಮೈನಸ್ ಗುರುತು. ಗೆಳೆಯರು ವಾಟ್ಸ್‌ಆ್ಯಪ್‌ನಲ್ಲೋ ವರ್ಡ್ ಫೈಲಿನಲ್ಲೋ ಕಳಿಸಿದ ಸಾಲನ್ನು ನಕಲು ಮಾಡಿದರೆ ಕೆಲವೊಮ್ಮೆ ಸಣ್ಣ ಗೆರೆಯ ಜಾಗಕ್ಕೆ ಉದ್ದ ಗೆರೆ ಬಂದಿರುತ್ತದೆ. ಕಣ್ಣಿಗೆ ಎರಡೂ ಒಂದೇ. ಸಿಮ್ಯುಲೇಟರಿಗೆ ಆ ಉದ್ದ ಗೆರೆ ಮೈನಸ್ ಅಲ್ಲ. ನಕಲು ತಂದ ಅಂಕಿಗಳ ಮೈನಸ್ಸನ್ನು ಕೈಯಿಂದ ಮತ್ತೆ ಒತ್ತಿ.

ಮೂರನೆಯದು ನಮ್ಮ ಭಾಷೆಗೇ ಸಂಬಂಧಿಸಿದ್ದು. ಸಾಲಿನ ಪಕ್ಕ ಕನ್ನಡದಲ್ಲಿ ಟಿಪ್ಪಣಿ ಬರೆದುಕೊಳ್ಳುವ ಹುಡುಗರಿದ್ದಾರೆ, ನನಗೆ ಅವರ ಮೇಲೆ ಬಹಳ ಪ್ರೀತಿ. ಹಳೆಯ ಎನ್‌ಕೋಡಿಂಗಿನಲ್ಲಿ ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. ಯೂನಿಕೋಡಿನಲ್ಲಿ ಉಳಿಸಿದರೆ ಹಳೆಯ ಸಿಮ್ಯುಲೇಟರ್ ಆ ಫೈಲನ್ನು ಓದುತ್ತದೆ ಎಂಬ ಖಾತ್ರಿ ಇಲ್ಲ. ಟಿಪ್ಪಣಿ ಕನ್ನಡದಲ್ಲೇ ಇರಲಿ, ಬೇರೆ ಫೈಲಿನಲ್ಲಿ ಅಥವಾ ನೋಟ್‌ಬುಕ್ಕಿನಲ್ಲಿ ಇರಲಿ.

5. ತಿದ್ದಿದ ಫೈಲೇ ಸಿಮ್ಯುಲೇಟರ್ ಓದುತ್ತಿರುವ ಫೈಲೇ?

ತಿದ್ದಿದರೂ ಏನೂ ಬದಲಾಗದಿದ್ದರೆ ಈ ಪ್ರಶ್ನೆ ಕೇಳಿಕೊಳ್ಳಿ. ಸಿಮ್ಯುಲೇಟರ್ ‘ಪ್ರೋಗ್ರಾಂ ಫೈಲ್ಸ್’ ಒಳಗಿದ್ದರೆ ವಿಂಡೋಸ್ ಅಲ್ಲಿನ ಫೈಲುಗಳನ್ನು ಕಾಯುತ್ತದೆ. ಕೆಲವು ಹಳೆಯ ಪ್ರೋಗ್ರಾಂಗಳು ಅಲ್ಲಿ ಉಳಿಸಲು ಹೋದರೆ ತಡೆಯುವ ಬದಲು ‘ವರ್ಚುವಲ್‌ಸ್ಟೋರ್’ ಎಂಬ ಅಡಗಿದ ಫೋಲ್ಡರಿನಲ್ಲಿ ಬೇರೊಂದು ಪ್ರತಿ ಇಡುತ್ತದೆ. ಆಗ ಒಂದೇ ಹೆಸರಿನ ಎರಡು ಫೈಲು ಆಗುತ್ತವೆ. ನೀವು ತಿದ್ದುವುದು ಒಂದನ್ನು, ಸಿಮ್ಯುಲೇಟರ್ ಓದುವುದು ಇನ್ನೊಂದನ್ನು. ಬಳಕೆದಾರರ ಫೋಲ್ಡರಿನ ‘ಆ್ಯಪ್‌ಡೇಟಾ’, ಅದರೊಳಗಿನ ‘ಲೋಕಲ್’ನಲ್ಲಿ ಇದು ಸಿಗುತ್ತದೆ. ಗಟ್ಟಿ ಪರಿಹಾರವೆಂದರೆ ಸಿಮ್ಯುಲೇಟರನ್ನು ಮೊದಲಿಗೇ ಬೇರೆ ಫೋಲ್ಡರಿನಲ್ಲಿ, ಸಾಧ್ಯವಿದ್ದರೆ ಬೇರೆ ಡ್ರೈವಿನಲ್ಲಿ ಹಾಕುವುದು.

6. ಅಳತೆ ಅಡಿಯಲ್ಲಿ, ದಿಕ್ಕು ಗುರುತಿನಲ್ಲಿ

ಹೊಗೆ ಬಂದಿದೆ, ಆದರೆ ಬಾಲದ ಬದಲು ಮೂಗಿನಿಂದ ಬರುತ್ತಿದೆ. ರೆಕ್ಕೆಯ ತುದಿಯ ಕೆಂಪು ದೀಪ ಗಾಳಿಯಲ್ಲಿ ತೇಲುತ್ತಿದೆ. ಈ ದೂರುಗಳು ಅಂಕಿಗಳವು. ಸಾಲಿನಲ್ಲಿ ಮೊದಲ ಅಂಕಿ ಹಿಂದೆ-ಮುಂದೆ: ಮುಂದಕ್ಕೆ ಪ್ಲಸ್, ಹಿಂದಕ್ಕೆ ಮೈನಸ್. ಎರಡನೆಯದು ಅಡ್ಡ: ಪೈಲಟ್‌ನ ಬಲಕ್ಕೆ ಪ್ಲಸ್, ಎಡಕ್ಕೆ ಮೈನಸ್. ಮೂರನೆಯದು ಮೇಲೆ-ಕೆಳಗೆ. ಎಲ್ಲವೂ ವಿಮಾನದ ಆಧಾರ ಬಿಂದುವಿನಿಂದ ಅಡಿಗಳಲ್ಲಿ. ದೀಪಗಳ ಸಾಲಿನಲ್ಲಿ ಈ ಮೂರಕ್ಕೂ ಮೊದಲು ದೀಪದ ಜಾತಿ ಹೇಳುವ ಅಂಕಿಯೊಂದಿರುತ್ತದೆ: 1 ಬೀಕನ್, 2 ಸ್ಟ್ರೋಬ್, 3 ನ್ಯಾವಿಗೇಶನ್. ಹೊಗೆಯ ಸಾಲಿನಲ್ಲಿ ಅದಿಲ್ಲ. ದೀಪದ ಸಾಲನ್ನು ನಕಲು ಮಾಡಿ ಹೊಗೆಗೆ ಹಾಕಿದರೆ ಎಲ್ಲ ಅಂಕಿಗಳೂ ಒಂದು ಮನೆ ಸರಿಯುತ್ತವೆ.

ಹಾಕ್ ವಿಮಾನದ ರೆಕ್ಕೆಗಳ ಒಟ್ಟು ಅಗಲ 9.94 ಮೀಟರ್. ಅರ್ಧ 4.97 ಮೀಟರ್, ಅಂದರೆ ಸುಮಾರು 16.3 ಅಡಿ. ಎಡ ತುದಿಯ ದೀಪಕ್ಕೆ ಎರಡನೆಯ ಅಂಕಿ ಮೈನಸ್ 16.3ರ ಸುತ್ತಮುತ್ತ ಇರಬೇಕು, ಬಲಕ್ಕೆ ಪ್ಲಸ್. ಅಲ್ಲಿ 4.97 ಎಂದು ಕಂಡರೆ ಬರೆದವರು ಮೀಟರಿನಲ್ಲೇ ಬಿಟ್ಟಿದ್ದಾರೆ, ದೀಪ ರೆಕ್ಕೆಯ ನಡುವೆ ಹೊತ್ತಿಕೊಳ್ಳುತ್ತದೆ. ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದೆ ಬಿಳಿ ಎಂಬುದು ನಿಜವಾದ ವಿಮಾನಗಳ ನಿಯಮ. ಅದು ತಿರುವುಮುರುವಾಗಿದ್ದರೆ ಪ್ಲಸ್-ಮೈನಸ್ ನೋಡಿ.

ಅಳತೆ ಸಿಗದ ವಿಮಾನಕ್ಕೆ ಒಂದು ಒಳದಾರಿ ಇದೆ. ಅದೇ ಸಿಎಫ್‌ಜಿಯಲ್ಲಿ ‘ಕಾಂಟ್ಯಾಕ್ಟ್ ಪಾಯಿಂಟ್ಸ್’ ಎಂಬ ಭಾಗವಿದೆ: ನೆಲಕ್ಕೆ ತಾಗಬಹುದಾದ ಚಕ್ರ, ರೆಕ್ಕೆಯ ತುದಿ, ಬಾಲ ಇವುಗಳ ಜಾಗ. ರೆಕ್ಕೆಯ ತುದಿಯ ಅಂಕಿಗಳನ್ನು ಅಲ್ಲಿಂದಲೇ ಎತ್ತಿಕೊಳ್ಳಬಹುದು. ಎಂಜಿನ್ನಿನ ಜಾಗ ಎಂಜಿನ್ ಭಾಗದಲ್ಲಿ ಇರುತ್ತದೆ. ಇಷ್ಟು ಗೊತ್ತಿದ್ದರೆ ಅಂದಾಜಿನಲ್ಲಿ ಅಂಕಿ ಬದಲಿಸುತ್ತ ರಾತ್ರಿ ಕಳೆಯಬೇಕಿಲ್ಲ.

ಇನ್ನೊಂದು ಚಿಕ್ಕದು. ಸಾಲುಗಳ ಸಂಖ್ಯೆ 0, 1, 2 ಎಂದು ಬಿಡದೆ ಹೋಗಬೇಕು. 3 ಆದ ಮೇಲೆ 5 ಬಂದರೆ ಅಲ್ಲಿಂದ ಮುಂದಿನವು ಲೆಕ್ಕಕ್ಕಿಲ್ಲ. ಒಂದೇ ಸಂಖ್ಯೆ ಎರಡು ಸಲ ಬಂದರೂ ಒಂದು ದೀಪ ಕಳೆದುಹೋಗುತ್ತದೆ.

7. ಹೊಗೆ ಉಂಡೆ ಉಂಡೆಯಾಗಿ ಬಂದರೆ ಭಾಗಾಕಾರ ಮಾಡಿ

ಇದು ನನಗೆ ಅತಿ ಇಷ್ಟದ ಪಾಠ. ಎಕ್ಸ್‌ಟ್ರಾ 300ಕ್ಕೆ ಚೆನ್ನಾಗಿ ಕಂಡ ಅದೇ ಹೊಗೆಯನ್ನು ಜೆಟ್ಟಿಗೆ ಹಾಕಿದರೆ ಗೆರೆಯ ಬದಲು ಬಿಡಿಬಿಡಿ ಉಂಡೆಗಳು ಬರುತ್ತವೆ. ಫೈಲ್ ಕೆಟ್ಟಿದೆ ಎಂದು ಹುಡುಗರು ಬೇರೆ ಫೈಲು ಹುಡುಕಲು ಹೊರಡುತ್ತಾರೆ. ಫೈಲ್ ಕೆಟ್ಟಿಲ್ಲ.

ಎಫ್‌ಎಕ್ಸ್ ಫೈಲಿನಲ್ಲಿ ‘ರೇಟ್’ ಎಂದರೆ ಸೆಕೆಂಡಿಗೆ ಎಷ್ಟು ಉಂಡೆ ಹೊರಬೀಳುತ್ತದೆ ಎಂಬುದು. ‘ಪಾರ್ಟಿಕಲ್’ ಭಾಗದ ‘ಲೈಫ್‌ಟೈಮ್’ ಎಂದರೆ ಪ್ರತಿ ಉಂಡೆ ಎಷ್ಟು ಸೆಕೆಂಡು ಬದುಕುತ್ತದೆ ಎಂಬುದು. ರೇಟ್ 10 ಎಂದಿಟ್ಟುಕೊಳ್ಳಿ. ಗಂಟೆಗೆ 270 ಕಿಲೋಮೀಟರ್ ಹೋಗುವ ವಿಮಾನ ಸೆಕೆಂಡಿಗೆ 75 ಮೀಟರ್ ಸಾಗುತ್ತದೆ, ಎರಡು ಉಂಡೆಗಳ ನಡುವೆ 7.5 ಮೀಟರ್. ಗಂಟೆಗೆ 540 ಕಿಲೋಮೀಟರಿನ ಜೆಟ್ ಸೆಕೆಂಡಿಗೆ 150 ಮೀಟರ್ ಸಾಗುತ್ತದೆ, ನಡುವೆ 15 ಮೀಟರ್. ಉಂಡೆಯ ಅಗಲ ಅದಕ್ಕಿಂತ ಕಡಿಮೆ ಇದ್ದರೆ ನಡುವೆ ಆಕಾಶ ಕಾಣಲೇಬೇಕು. ರೇಟನ್ನು 30 ಮಾಡಿದರೆ ಅಂತರ 5 ಮೀಟರಿಗೆ ಇಳಿಯುತ್ತದೆ. ಉಂಡೆ ಸ್ವಲ್ಪ ಬೇಗ ಹಿಗ್ಗುವಂತೆ ಅಳತೆ ತಿದ್ದಿದರೆ ಗೆರೆ ಕೂಡಿಕೊಳ್ಳುತ್ತದೆ.

ಈಗ ಇನ್ನೊಂದು ಬದಿಯ ಲೆಕ್ಕ. ಪ್ರತಿ ಉಂಡೆ 20 ಸೆಕೆಂಡು ಬದುಕಿದರೆ ಜೆಟ್ಟಿನ ಹಿಂದಿನ ಗೆರೆ 3 ಕಿಲೋಮೀಟರ್ ಉದ್ದ. ಒಂದೇ ಹೊತ್ತಿಗೆ ತೆರೆಯ ಮೇಲೆ 30 ಗುಣಿಸು 20, ಅಂದರೆ 600 ಉಂಡೆ. ಸೂರ್ಯಕಿರಣದ ಒಂಬತ್ತು ವಿಮಾನಗಳಿಗೆ 5,400. ಆಸೆಗೆ ಬಿದ್ದು ರೇಟ್ 60, ಆಯುಷ್ಯ 40 ಸೆಕೆಂಡು ಮಾಡಿದಿರೋ, ಒಂದಕ್ಕೆ 2,400, ಒಂಬತ್ತಕ್ಕೆ 21,600. ಎಫ್‌ಎಸ್‌ಎಕ್ಸ್ ತನ್ನ ಮುಖ್ಯ ಕೆಲಸವನ್ನು ಪ್ರೊಸೆಸರಿನ ಒಂದೇ ಕೋರಿನ ಮೇಲೆ ಹೊರಿಸುವ ಕಾಲದ್ದು. ಹಳೆಯ ಲ್ಯಾಪ್‌ಟಾಪು ಅಲ್ಲಿ ತೆವಳತೊಡಗುತ್ತದೆ. ಉದ್ದ ಬೇಕೋ, ದಟ್ಟ ಬೇಕೋ, ಒಂಬತ್ತು ವಿಮಾನ ಬೇಕೋ, ಮೂರರಲ್ಲಿ ಯಾವುದನ್ನು ಬಿಡುವುದೆಂದು ನೀವೇ ನಿರ್ಧರಿಸಬೇಕು. ನನ್ನ ಮತ ಕೇಳಿದರೆ ಉದ್ದವನ್ನು ಬಿಡಿ. ನಿಜವಾದ ಪ್ರದರ್ಶನದಲ್ಲೂ ಗಾಳಿ ಇದ್ದ ದಿನ ಹೊಗೆ ಬಹಳ ಹೊತ್ತು ನಿಲ್ಲುವುದಿಲ್ಲ.

ಬಣ್ಣಕ್ಕೆ ಮೂರು ಬೇರೆ ಚಿತ್ರ ಬೇಕಿಲ್ಲ. ಚಿತ್ರ ಬಿಳಿ ಬಣ್ಣದ್ದಾಗಿದ್ದರೆ ಅದರ ಮೇಲೆ ‘ಕಲರ್ ಸ್ಟಾರ್ಟ್’, ‘ಕಲರ್ ಎಂಡ್’ ಅಂಕಿಗಳು ಬಣ್ಣ ಏರಿಸುತ್ತವೆ. ಒಂದೇ ಎಫ್‌ಎಕ್ಸ್ ಫೈಲಿನ ಮೂರು ಪ್ರತಿ ಮಾಡಿ. ಕೇಸರಿಗೆ 255, 153, 51. ಹಸಿರಿಗೆ 19, 136, 8. ಬಿಳಿಗೆ ಮೂರೂ 255. ನಾಲ್ಕನೆಯ ಅಂಕಿ ಪಾರದರ್ಶಕತೆಯದು. ಕೊನೆಯ ಬಣ್ಣದಲ್ಲಿ ಅದನ್ನು 0 ಮಾಡಿದರೆ ಹೊಗೆ ಮೆಲ್ಲಗೆ ಕರಗುತ್ತದೆ. ಹಾಗೆ ಮಾಡದಿದ್ದರೆ ಆಯುಷ್ಯ ಮುಗಿದ ಕ್ಷಣ ಉಂಡೆ ಫಕ್ಕನೆ ಮಾಯವಾಗುತ್ತದೆ.

8. ಚೌಕ ಕಂಡರೆ ಚಿತ್ರವನ್ನು ನೋಡಿ

ಪ್ರತಿ ಉಂಡೆಯ ಸುತ್ತ ಕಪ್ಪು ಅಥವಾ ಬಿಳಿ ಚೌಕ ಕಂಡರೆ ಆ ಚಿತ್ರದ ಆಲ್ಫಾ ಚಾನೆಲ್ ಹೋಗಿದೆ. ಆಲ್ಫಾ ಎಂದರೆ ಚಿತ್ರದ ಯಾವ ಭಾಗ ಕಾಣಬೇಕು, ಯಾವುದು ಪಾರದರ್ಶಕ ಎಂದು ಹೇಳುವ ನಾಲ್ಕನೆಯ ಪದರ. ಸಾಮಾನ್ಯ ಪೇಂಟ್ ಪ್ರೋಗ್ರಾಂನಲ್ಲಿ ತೆರೆದು ಉಳಿಸಿದರೆ ಆ ಪದರ ಅಳಿಸಿಹೋಗುತ್ತದೆ. ಆಲ್ಫಾ ಅರಿಯುವ ಪ್ರೋಗ್ರಾಂ ಬೇಕು, ಉಚಿತವಾಗಿ ಸಿಗುವ ಗಿಂಪ್ ಸಾಕು. ಚೌಕ ಇಲ್ಲದೆ ಬೇರೆಯದೇ ಆಕಾರ ಬಂದರೆ ‘ಯುವಿ’ ಅಂಕಿ ನೋಡಿ. ಎಷ್ಟೋ ಎಫೆಕ್ಟ್ ಚಿತ್ರಗಳಲ್ಲಿ ಹೊಗೆ, ದೀಪ, ಕಿಡಿ ಎಲ್ಲವೂ ಒಂದೇ ಹಾಳೆಯಲ್ಲಿರುತ್ತವೆ, ಯಾವ ತುಂಡು ಬೇಕೆಂದು ಯುವಿ ಹೇಳುತ್ತದೆ.

ಎಫ್‌ಎಸ್‌ಎಕ್ಸ್ ಸೆಟ್ಟಿಂಗಿನಲ್ಲಿ ‘ಡೈರೆಕ್ಟ್‌ಎಕ್ಸ್ 10 ಪ್ರಿವ್ಯೂ’ ಎಂಬ ಆಯ್ಕೆ ಇದೆ. ಅದು ಪೂರ್ತಿಯಾಗದೆ ಉಳಿದ ಭಾಗ. ಹಳೆಯ ಆ್ಯಡ್‌ಆನ್ ವಿಚಿತ್ರವಾಗಿ ಕಂಡಾಗ ಅದನ್ನು ತೆಗೆದು ಒಮ್ಮೆ ನೋಡಿ.

9. ಆಕಾಶದ ನಿಯಮವನ್ನು ದೋಷವೆಂದು ತಿಳಿಯಬೇಡಿ

“ಸರ್, 30 ಸಾವಿರ ಅಡಿ ಏರಿದ್ರೂ ಹಿಂದ ಬಿಳಿ ಗೆರಿ ಬರವಲ್ದು” ಎಂದು ಬೇಸಿಗೆಯಲ್ಲಿ ಕೇಳುತ್ತಾರೆ. ಆ ಬಿಳಿ ಗೆರೆ, ಅಂದರೆ ಕಾಂಟ್ರೇಲ್, ಹೊಗೆಯಲ್ಲ. ಎಂಜಿನ್ನಿನಿಂದ ಹೊರಬರುವ ನೀರಾವಿ ಕೊರೆಯುವ ಚಳಿಯಲ್ಲಿ ಹಿಮಕಣವಾಗುವುದು ಅದು. ಸುತ್ತಲಿನ ಗಾಳಿ ಮೈನಸ್ 40 ಡಿಗ್ರಿಯ ಆಸುಪಾಸಿಗೆ ಇಳಿದಿರಬೇಕು. ಪುಸ್ತಕದ ಸರಾಸರಿ ವಾತಾವರಣದಲ್ಲಿ ಆ ಚಳಿ 28 ಸಾವಿರ ಅಡಿಗೇ ಸಿಗುತ್ತದೆ. ಯಾದಗಿರಿಯಂಥ ಉಷ್ಣ ನಾಡಿನ ಮೇಲೆ ಅದಕ್ಕೆ 34-35 ಸಾವಿರ ಅಡಿ ಏರಬೇಕಾಗುತ್ತದೆ. ನಿಜವಾದ ಹವೆಯನ್ನು ಎಳೆದುಕೊಂಡು ಹಾರಿಸುತ್ತಿದ್ದರೆ ಸಿಮ್ಯುಲೇಟರ್ ತೋರಿಸದಿರುವುದೇ ಸರಿ. ನಮ್ಮ ತಲೆಯ ಮೇಲೆ ಹೋಗುವ ಜೆಟ್ಟುಗಳನ್ನು ದಿನವೂ ಗಮನಿಸಿ, ಕೆಲವು ದಿನ ಗೆರೆ ಉದ್ದವಾಗಿ ಉಳಿಯುತ್ತದೆ, ಕೆಲವು ದಿನ ಇರುವುದೇ ಇಲ್ಲ.

ರೆಕ್ಕೆಯ ತುದಿಯಲ್ಲಿ ಎಳೆ ಎಳೆಯಾಗಿ ಬರುವ ಆವಿಯದೂ ಹೀಗೆಯೇ. ತುದಿಯಲ್ಲಿ ಸುತ್ತುವ ಗಾಳಿಯ ನಡುವೆ ಒತ್ತಡ ಇಳಿದು, ತಂಪಾಗಿ, ತೇವ ಮಂಜಾಗುತ್ತದೆ. ತೇವವೇ ಇಲ್ಲದ ಏಪ್ರಿಲ್ ಗಾಳಿಯಲ್ಲಿ ಅದು ಎಲ್ಲಿಂದ ಬರಬೇಕು? ಹವೆಯ ಜೊತೆ ಎಫೆಕ್ಟೂ ಬದಲಾಗುವುದರಿಂದ ಪರೀಕ್ಷೆಗೆಂದೇ ಒಂದು ಹಾರಾಟವನ್ನು ಉಳಿಸಿಟ್ಟುಕೊಳ್ಳಿ: ಒಂದೇ ಜಾಗ, ನಡುಮಧ್ಯಾಹ್ನ, ಮೋಡವಿಲ್ಲದ ಹವೆ. ನಮ್ಮ ಹುಡುಗರು ಕಲಬುರಗಿಯಿಂದಲೇ ಹೊರಡಲು ಹುಡುಕುತ್ತಾರೆ. ಆ ವಿಮಾನ ನಿಲ್ದಾಣ ತೆರೆದದ್ದು 2019ರ ನವೆಂಬರ್ 22ರಂದು, 2006ರ ಸಿಮ್ಯುಲೇಟರಿನಲ್ಲಿ ಸಿಗುವುದಿಲ್ಲ. ಹೈದರಾಬಾದಿನ ಬೇಗಂಪೇಟೆ ಸಿಗುತ್ತದೆ.

10. ಬಸವಸಾಗರದ ಮೇಲೆ ಧೂಳು ಎದ್ದರೆ

2024ರ ನವೆಂಬರಿನಲ್ಲಿ ವಿಜಯವಾಡದಿಂದ ಶ್ರೀಶೈಲಕ್ಕೆ ಕೃಷ್ಣಾ ನದಿಯ ಮೇಲೆ ಸೀಪ್ಲೇನ್ ಪ್ರಾಯೋಗಿಕವಾಗಿ ಹಾರಿತು. ಡಿ ಹ್ಯಾವಿಲ್ಯಾಂಡಿನ ಟ್ವಿನ್ ಆಟರ್ ಅದು. ಆ ಸುದ್ದಿಯ ನಂತರ ಅದೇ ನದಿಯ ನಮ್ಮ ನಾರಾಯಣಪುರದ ಬಸವಸಾಗರ ಜಲಾಶಯದಲ್ಲಿ ಸಿಮ್ಯುಲೇಟರಿನ ಸೀಪ್ಲೇನ್ ಇಳಿಸಬೇಕೆಂಬ ಆಸೆ ಇಲ್ಲಿ ಕೆಲವರಿಗೆ ಹುಟ್ಟಿತು. ಒಳ್ಳೆಯ ಆಸೆ. ಫೋಟೋ ಸೀನರಿ ಹಾಕಿಕೊಂಡು ಇಳಿಸಿದರೆ ನೀರಿನ ತುಂತುರಿನ ಬದಲು ಧೂಳು ಎದ್ದಿತು.

ಇಲ್ಲಿ ಎಫೆಕ್ಟಿನ ತಪ್ಪಿಲ್ಲ. ಸಿಎಫ್‌ಜಿಯ ‘ಎಫೆಕ್ಟ್ಸ್’ ಭಾಗದಲ್ಲಿ ನೀರಿಗೆ ಒಂದು, ಮಣ್ಣಿಗೆ ಒಂದು, ಕಾಂಕ್ರೀಟಿಗೆ ಒಂದು ಎಂದು ಬೇರೆ ಬೇರೆ ಹೆಸರು ಬರೆದಿರುತ್ತದೆ. ಯಾವುದನ್ನು ಎಬ್ಬಿಸಬೇಕೆಂದು ಸಿಮ್ಯುಲೇಟರ್ ತೀರ್ಮಾನಿಸುವುದು ಕೆಳಗಿನ ನೆಲದ ಜಾತಿಯಿಂದ. ಫೋಟೋದಲ್ಲಿ ನೀಲಿ ಕಂಡರೂ ದತ್ತಾಂಶದಲ್ಲಿ ಅದು ನೆಲವೆಂದೇ ಇದ್ದರೆ ಧೂಳೇ ಏಳುತ್ತದೆ. ತಿದ್ದಬೇಕಾದದ್ದು ಸೀನರಿಯ ನೀರಿನ ಗುರುತನ್ನು. ಸೀನರಿ ಮಾಡಿದವರಿಗೆ ತಿಳಿಸಿ, ಅಥವಾ ಸೀನರಿ ತಿದ್ದುವುದನ್ನು ಕಲಿಯಿರಿ. ವಿಮಾನದ ಫೈಲು ಹಾಗೇ ಇರಲಿ.

11. ಹೊಗೆಯ ಸಾಲಿನಿಂದ ಔಷಧ ಸಿಂಪಡಿಸಬಹುದು

ಸುರಪುರದ ಕಡೆ ಭತ್ತದ ಗದ್ದೆಗೆ ಡ್ರೋನ್‌ನಿಂದ ಔಷಧ ಹೊಡೆಯುವುದನ್ನು ನೋಡಿದ ಒಬ್ಬ ಹುಡುಗ ಸಿಂಪಡಣೆಯ ವಿಮಾನವೊಂದಕ್ಕೆ ಅದೇ ಬೇಕೆಂದು ಕೇಳಿದ. ಸಿಮ್ಯುಲೇಟರಿನಲ್ಲಿ ಸಿಂಪಡಣೆಗೆಂದು ಬೇರೆ ಭಾಗವಿಲ್ಲ. ಹೊಗೆಯ ಭಾಗವನ್ನೇ ಬಳಸಿದೆವು. ಬಾಲದಲ್ಲಿ ಒಂದು ಸಾಲಿನ ಬದಲು ರೆಕ್ಕೆಯ ಕೆಳಗೆ ಎಡದಿಂದ ಬಲಕ್ಕೆ ಸಾಲಾಗಿ ಹಲವು ಬಿಂದು. ಉಂಡೆ ಸಣ್ಣದು, ಆಯುಷ್ಯ ಎರಡು-ಮೂರು ಸೆಕೆಂಡು, ಬಣ್ಣ ಬಹಳ ತೆಳು. ಕೆಳಗೆ ಬೀಳುವಂತೆ ಮಾಡಲು ವೇಗದ ಅಂಕಿಗಳನ್ನು ಒಂದೊಂದಾಗಿ ಬದಲಿಸಿ, ಯಾವುದು ಯಾವ ಕಡೆ ತಳ್ಳುತ್ತದೆಂದು ಹೊರಗಿನ ನೋಟದಿಂದ ನೋಡಿ ಬರೆದುಕೊಂಡ. ಒಂದು ಸಲಕ್ಕೆ ಒಂದೇ ಅಂಕಿ, ಇದನ್ನು ಬಿಟ್ಟು ಬೇರೆ ಉಪಾಯವಿಲ್ಲ. ಬಿಂದುಗಳು ಹೆಚ್ಚಾದಷ್ಟೂ ಏಳನೆಯ ಪಾಠದ ಗುಣಾಕಾರ ನೆನಪಿರಲಿ.

12. ಎಲ್ಲ ಎಫೆಕ್ಟೂ ಸಿಎಫ್‌ಜಿಯಲ್ಲಿ ಇರುವುದಿಲ್ಲ

ಸಾಲು ಇಲ್ಲದಿದ್ದರೂ ಎಫೆಕ್ಟ್ ಬರುತ್ತಿದ್ದರೆ ಅದು ಮಾಡೆಲ್ ಫೈಲಿನೊಳಗೇ ಕಟ್ಟಿದ್ದಿರಬಹುದು. ಅದನ್ನು ನೋಟ್‌ಪ್ಯಾಡಿನಲ್ಲಿ ತಿದ್ದಲಾಗುವುದಿಲ್ಲ. ಯುದ್ಧವಿಮಾನಗಳ ಆಫ್ಟರ್‌ಬರ್ನರ್ ಜ್ವಾಲೆಯಂಥವನ್ನು ಕೆಲವರು ಗೇಜ್ ಮೂಲಕ, ಅಂದರೆ ಕಾಕ್‌ಪಿಟ್ಟಿನ ಉಪಕರಣಗಳನ್ನು ನಡೆಸುವ ಸಣ್ಣ ಪ್ರೋಗ್ರಾಂ ಮೂಲಕ, ನಡೆಸುತ್ತಾರೆ. ಗೇಜ್ ಮೊದಲ ಸಲ ಏರುವಾಗ ಎಫ್‌ಎಸ್‌ಎಕ್ಸ್ “ಇದನ್ನು ನಂಬಲೇ?” ಎಂದು ಕೇಳುತ್ತದೆ. ಬೇಡವೆಂದು ಒತ್ತಿದ್ದರೆ ಜ್ವಾಲೆ ಬರುವುದಿಲ್ಲ. ಒಪ್ಪಿಗೆ ಕೊಟ್ಟವುಗಳ ಪಟ್ಟಿ ‘ಎಫ್‌ಎಸ್‌ಎಕ್ಸ್ ಡಾಟ್ ಸಿಎಫ್‌ಜಿ’ಯ ‘ಟ್ರಸ್ಟೆಡ್’ ಭಾಗದಲ್ಲಿ ಸಿಗುತ್ತದೆ.

13. ಹೊಸ ಸಿಮ್ಯುಲೇಟರಿಗೆ ಹಳೆಯ ಫೈಲ್ ನಡೆಯದು

2020ರ ಸಿಮ್ಯುಲೇಟರಿನಲ್ಲಿ ಹೊಗೆಯ ಹಳೆಯ ಎಫ್‌ಎಕ್ಸ್ ಫೈಲುಗಳಿಗೆ ಜಾಗವಿಲ್ಲ. ಅಲ್ಲಿ ಎಫೆಕ್ಟುಗಳನ್ನು ಡೆವಲಪರ್ ಮೋಡಿನ ಎಡಿಟರಿನಲ್ಲಿ ಕಟ್ಟಬೇಕು, ದೀಪಗಳು ‘ಸಿಸ್ಟಮ್ಸ್ ಡಾಟ್ ಸಿಎಫ್‌ಜಿ’ಗೆ ಹೋಗಿವೆ. ಆ್ಯಡ್‌ಆನ್‌ಗಳು ‘ಕಮ್ಯುನಿಟಿ’ ಫೋಲ್ಡರಿನಲ್ಲಿ ಇರುತ್ತವೆ. ಪ್ರತಿ ಆ್ಯಡ್‌ಆನ್‌ನ ‘ಲೇಔಟ್ ಡಾಟ್ ಜೇಸನ್’ ಫೈಲಿನಲ್ಲಿ ಒಳಗಿನ ಎಲ್ಲ ಫೈಲುಗಳ ಪಟ್ಟಿ ಇದೆ. ಹೊಸ ಫೈಲು ಸೇರಿಸಿ ಪಟ್ಟಿಯನ್ನು ಹಾಗೇ ಬಿಟ್ಟರೆ ಸಿಮ್ಯುಲೇಟರಿನ ಪಾಲಿಗೆ ಆ ಫೈಲೇ ಇಲ್ಲ. ಪಟ್ಟಿ ಹೊಸದಾಗಿ ಮಾಡಿಕೊಡುವ ಸಣ್ಣ ಉಚಿತ ಪ್ರೋಗ್ರಾಂಗಳು ಸಿಗುತ್ತವೆ. ಅನುಮಾನ ಬಂದರೆ ಉಳಿದ ಎಲ್ಲ ಆ್ಯಡ್‌ಆನ್‌ಗಳನ್ನು ಬೇರೆ ಕಡೆ ಸರಿಸಿ, ಒಂದನ್ನೇ ಇಟ್ಟು ನೋಡಿ.

ಉಚಿತ ಫ್ಲೈಟ್‌ಗಿಯರನ್ನು ಲಿನಕ್ಸ್‌ನಲ್ಲಿ ಓಡಿಸುವವರಿಗೆ ಒಂದೇ ಮಾತು: ಅಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ ಹೆಸರುಗಳು. ವಿಂಡೋಸ್‌ನಲ್ಲಿ ನಡೆದ ಆ್ಯಡ್‌ಆನ್ ಇಲ್ಲಿ ಚಿತ್ರ ಕಾಣದೆ ನಿಂತರೆ ಅದನ್ನು ನೋಡಿ.

14. ಬಿಸಿಲು ಮತ್ತು ಕರೆಂಟು

ಮೇ ತಿಂಗಳ ಮಧ್ಯಾಹ್ನ ಲ್ಯಾಪ್‌ಟಾಪು ತನ್ನನ್ನು ಕಾಪಾಡಿಕೊಳ್ಳಲು ವೇಗ ಇಳಿಸುತ್ತದೆ. ಎರೆಮಣ್ಣಿನ ಧೂಳು ಫ್ಯಾನಿನಲ್ಲಿ ಕೂತಿದ್ದರೆ ಇನ್ನೂ ಬೇಗ. ಆಗ ತೆರೆ ತಡವರಿಸಿದರೆ ಹೊಸ ಎಫೆಕ್ಟನ್ನು ದೂರಬೇಡಿ. ಎಫೆಕ್ಟ್ ತೆಗೆದು ಒಮ್ಮೆ, ಹಾಕಿ ಒಮ್ಮೆ, ಬೆಳಿಗ್ಗೆ ತಂಪಿನಲ್ಲಿ ಅಳೆಯಿರಿ.

ಫೈಲ್ ಉಳಿಸುವ ಹೊತ್ತಿಗೇ ಕರೆಂಟ್ ಹೋದರೆ ಸಿಎಫ್‌ಜಿ ಅರ್ಧಕ್ಕೆ ನಿಲ್ಲಬಹುದು ಅಥವಾ ಖಾಲಿಯಾಗಬಹುದು. ತಿದ್ದುವ ಮೊದಲು ಒಂದು ಪ್ರತಿ ಪಕ್ಕಕ್ಕಿರಲಿ. 2020ರ ಸಿಮ್ಯುಲೇಟರ್ ಇರುವವರು ಇನ್ನೊಂದನ್ನು ಗಮನಿಸಬೇಕು. ಹಾರುತ್ತಿರುವಾಗ ಕಂಪ್ಯೂಟರ್ ಆರಿಹೋದರೆ ಮುಂದಿನ ಸಲ ತೆರೆದಾಗ ಸೇಫ್ ಮೋಡಿನಲ್ಲಿ ಹೋಗಲೇ ಎಂದು ಅದು ಕೇಳುತ್ತದೆ. ಹೌದೆಂದರೆ ‘ಕಮ್ಯುನಿಟಿ’ ಫೋಲ್ಡರನ್ನು ಬಿಟ್ಟು ತೆರೆಯುತ್ತದೆ. “ರಾತ್ರಿ ಕರೆಂಟ್ ಹೋಗಿತ್ರೀ, ಮುಂಜಾನಿ ನೋಡಿದ್ರ ನನ್ನ ವಿಮಾನನ ಇಲ್ಲ” ಎಂದು ಗಾಬರಿಯಾಗಿ ಬಂದವನ ಫೈಲುಗಳೆಲ್ಲ ಇದ್ದಲ್ಲೇ ಇದ್ದವು. ಮುಚ್ಚಿ ನಾರ್ಮಲ್ ಮೋಡಿನಲ್ಲಿ ತೆರೆದರೆ ಆಯಿತು.

ಇಂಟರ್‌ನೆಟ್ ನಿಧಾನವಿದ್ದರೆ ನೆಲ ಮಸುಕಾಗುತ್ತದೆ. ಹೊಗೆ ನಿಲ್ಲುವುದಿಲ್ಲ, ಅದರ ಫೈಲುಗಳು ನಿಮ್ಮ ಡಿಸ್ಕಿನಲ್ಲೇ ಇವೆ.

15. ಫೋನಿನಲ್ಲಿ ಕೇಳುವವರಿಗೆ

ಇಷ್ಟು ಕಳಿಸಿದರೆ ದೂರದಿಂದಲೇ ಹೇಳಬಹುದು. ಯಾವ ಸಿಮ್ಯುಲೇಟರ್, ಯಾವ ಫೋಲ್ಡರಿನಲ್ಲಿದೆ. ಎಕ್ಸ್‌ಟ್ರಾ 300ರಲ್ಲಿ ಹೊಗೆ ಬಂತೇ. ಸಿಎಫ್‌ಜಿ ಫೈಲನ್ನೇ ಕಳಿಸಿ, ತೆರೆಯ ಫೋಟೋ ಬೇಡ: ಫೋಟೋದಲ್ಲಿ ಮೈನಸ್ಸೂ ಬಾಲವೂ ಕಾಣುವುದಿಲ್ಲ. ‘ಎಫೆಕ್ಟ್ಸ್’ ಮತ್ತು ಅದರ ‘ಟೆಕ್ಸ್ಚರ್’ ಫೋಲ್ಡರುಗಳ ಫೈಲ್ ಪಟ್ಟಿ, ಬಾಲ ಕಾಣುವಂತೆ. ಕೊನೆಯ ಸಲ ಸರಿಯಾಗಿದ್ದ ಮೇಲೆ ಏನೇನು ಹಾಕಿದಿರಿ, ಏನೇನು ತೆಗೆದಿರಿ. ಆ್ಯಡ್‌ಆನ್ ಜೊತೆ ಬಂದ ರೀಡ್‌ಮಿ ಫೈಲನ್ನೂ ಸೇರಿಸಿ. ಅದನ್ನು ಮಾಡಿದವರು ಎಷ್ಟೋ ಸಂಜೆಗಳನ್ನು ಕಳೆದು ಉಚಿತವಾಗಿ ಹಂಚಿರುತ್ತಾರೆ, ನೀವು ಕೇಳಬೇಕೆಂದಿರುವುದಕ್ಕೆ ಉತ್ತರ ಅನೇಕ ಸಲ ಅಲ್ಲಿಯೇ ಬರೆದಿಟ್ಟಿರುತ್ತಾರೆ. ಅವರ ಎಫೆಕ್ಟನ್ನು ತಿದ್ದಿ ಗೆಳೆಯರಿಗೆ ಕೊಡುವುದಾದರೆ ಅವರ ಒಪ್ಪಿಗೆ ಏನಿದೆ ಎಂಬುದೂ ಅದರಲ್ಲೇ ಇರುತ್ತದೆ. ಓದಿ ಕೊಡಿ, ಅವರ ಹೆಸರನ್ನು ಅಳಿಸಬೇಡಿ.